ರಕ್ತದ ಕ್ಯಾನ್ಸರ್‌ಗೆ ಬೆನ್ನಿನ ಶಸ್ತ್ರಚಿಕಿತ್ಸೆ ಏಕೆ, ಯಾವಾಗ?

ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ 2025ರಲ್ಲಿ ಬಂದ ಎರಡು ಸುದ್ದಿಗಳು ಕೊಡಗಿನಂಥ ಜಿಲ್ಲೆಯ ಓದುಗರಲ್ಲಿ ಭರವಸೆಯೊಂದಿಗೆ ಗೊಂದಲವನ್ನೂ ಮೂಡಿಸಿವೆ. ಫೆಬ್ರವರಿಯ ಕೇಂದ್ರ ಬಜೆಟ್, ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರಗಳನ್ನು (ಚಿಕಿತ್ಸೆ ಪಡೆದು ಅಂದೇ ಮನೆಗೆ ಮರಳುವ ಘಟಕಗಳನ್ನು) ತೆರೆಯುವುದಾಗಿಯೂ ಅವುಗಳಲ್ಲಿ 200 ಕೇಂದ್ರಗಳನ್ನು 2025–26ರಲ್ಲೇ ಆರಂಭಿಸುವುದಾಗಿಯೂ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು 33 ಜೀವರಕ್ಷಕ ಔಷಧಗಳ ಮೇಲಿನ ತೆರಿಗೆಯನ್ನು ಪೂರ್ತಿಯಾಗಿ ತೆಗೆದುಹಾಕಿತು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೊಡುವ ಡಾರಾಟುಮುಮ್ಯಾಬ್ ಆ ಪಟ್ಟಿಯಲ್ಲಿದೆ.

ಔಷಧ ಅಗ್ಗವಾಗುತ್ತಿದೆ, ಅದನ್ನು ಮಡಿಕೇರಿಯಲ್ಲೇ ಪಡೆಯುವ ದಿನವೂ ದೂರವಿಲ್ಲ ಎಂದಾದರೆ, ರಕ್ತದ ಕ್ಯಾನ್ಸರ್ ಇರುವವರನ್ನು ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರ ಬಳಿಗೆ ಏಕೆ ಕಳುಹಿಸುತ್ತಾರೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ತದ್ವಿರುದ್ಧವಾದ ಪ್ರಶ್ನೆಯೂ ಮನೆಗಳಲ್ಲಿ ಕೇಳಿಬರುತ್ತದೆ: ಬೆನ್ನುಮೂಳೆಯ ನಾಲ್ಕು ಮಣಿಗಳು ಕುಸಿದಿವೆ ಎಂದು ಸ್ಕ್ಯಾನ್ ಹೇಳುತ್ತಿದ್ದರೂ ವೈದ್ಯರು ಆಪರೇಷನ್ ಮಾಡದೆ ಇಂಜೆಕ್ಷನ್, ಮಾತ್ರೆಗಳಲ್ಲೇ ಕಾಲ ಕಳೆಯುತ್ತಿರುವುದು ಏಕೆ? ಎರಡಕ್ಕೂ ಉತ್ತರ ಸಿಗಬೇಕಾದರೆ ಈ ಕಾಯಿಲೆ ಮೂಳೆಯನ್ನು ಹೇಗೆ ಹಾಳುಮಾಡುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ರಕ್ತದ ಕಾಯಿಲೆ ಮೂಳೆಯನ್ನು ತಿನ್ನುವ ಬಗೆ

ಅಸ್ಥಿಮಜ್ಜೆಯಲ್ಲಿ ನೆಲೆಸುವ ಪ್ಲಾಸ್ಮಾ ಕೋಶಗಳ ಕೆಲಸ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು. ಮೈಲೋಮಾದಲ್ಲಿ ಅಂಥ ಒಂದು ಕೋಶದ ಸಂತತಿ ಅಂಕೆ ಮೀರಿ ಬೆಳೆದು, ದೇಹಕ್ಕೆ ಉಪಯೋಗವಿಲ್ಲದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆ. ಇದರಿಂದ ಮೂತ್ರಪಿಂಡ ಕೆಡುತ್ತದೆ, ರಕ್ತಹೀನತೆ ಬರುತ್ತದೆ, ಸೋಂಕುಗಳು ಮತ್ತೆ ಮತ್ತೆ ಕಾಡುತ್ತವೆ.

ಮೂಳೆಯ ಹಾನಿಗೆ ಬೇರೆಯೇ ಕಾರಣವಿದೆ. ನಮ್ಮ ಮೂಳೆ ಸದಾ ಕರಗುತ್ತ, ಸದಾ ಹೊಸದಾಗಿ ಕಟ್ಟಿಕೊಳ್ಳುತ್ತ ಇರುತ್ತದೆ. ಕರಗಿಸುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಮೈಲೋಮಾ ಕೋಶಗಳು ಮೊದಲಿನವನ್ನು ಕೆರಳಿಸುತ್ತವೆ, ಎರಡನೆಯವನ್ನು ಅಡಗಿಸುತ್ತವೆ. ಹೀಗೆ ಕರಗುವಿಕೆ ಹೆಚ್ಚಿ, ರಿಪೇರಿ ನಿಂತುಹೋಗಿ, ಮೂಳೆಯೊಳಗೆ ತೂತುಗಳಾಗುತ್ತವೆ. ಕರಗಿದ ಮೂಳೆಯ ಕ್ಯಾಲ್ಸಿಯಂ ರಕ್ತದಲ್ಲಿ ಏರಿ ಬಾಯಾರಿಕೆ, ಮಲಬದ್ಧತೆ, ಮಂಕುತನ ತರುತ್ತದೆ. ಇತರ ಕ್ಯಾನ್ಸರ್‌ಗಳು ಮೂಳೆಗೆ ಹರಡಿದ್ದನ್ನು ಹಿಡಿಯಲು ನೆಚ್ಚುವ ಐಸೊಟೋಪ್ ಬೋನ್ ಸ್ಕ್ಯಾನ್ ಇಲ್ಲಿ ಹಲವು ಬಾರಿ ಏನನ್ನೂ ತೋರಿಸದೆ ಹೋಗುವುದಕ್ಕೂ ಇದೇ ಕಾರಣ. ಆ ಸ್ಕ್ಯಾನ್ ಗುರುತಿಸುವುದು ಹೊಸ ಮೂಳೆ ಕಟ್ಟುವ ಚಟುವಟಿಕೆಯನ್ನು, ಮೈಲೋಮಾದಲ್ಲಿ ಅದೇ ಸ್ತಬ್ಧವಾಗಿರುತ್ತದೆ. ಆದುದರಿಂದ ಇಡೀ ದೇಹದ ಕಡಿಮೆ ವಿಕಿರಣದ ಸಿಟಿ, ಎಂಆರ್‌ಐ ಅಥವಾ ಪೆಟ್-ಸಿಟಿಯನ್ನು ಆಶ್ರಯಿಸಬೇಕಾಗುತ್ತದೆ.

ವಯಸ್ಕರಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಹೆಚ್ಚಾಗಿ ಉಳಿದಿರುವುದು ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬುಗಳಲ್ಲಿ. ಇವುಗಳಲ್ಲಿ ದೇಹದ ಭಾರವನ್ನು ಹಗಲಿಡೀ ಹೊರುವುದು ಬೆನ್ನುಮೂಳೆ. ಹಾಗಾಗಿ ಮೊದಲು ಕುಸಿಯುವುದೂ ಅಲ್ಲಿನ ಮಣಿಗಳೇ. ಕೆಮ್ಮಿದರೆ, ಬಗ್ಗಿ ಕೊಡ ಎತ್ತಿದರೆ ಮಣಿ ಜಜ್ಜಿಹೋಗಬಹುದು.

ಔಷಧಕ್ಕೂ ಶಸ್ತ್ರಚಿಕಿತ್ಸೆಗೂ ನಡುವಿನ ಗೆರೆ ಇಲ್ಲಿಯೇ ಇದೆ. ಗೆದ್ದಲು ತಿಂದ ತೊಲೆಗೆ ಮದ್ದು ಹೊಡೆದರೆ ಗೆದ್ದಲು ಸಾಯುತ್ತದೆಯೇ ಹೊರತು ಟೊಳ್ಳಾದ ತೊಲೆ ಗಟ್ಟಿಯಾಗುವುದಿಲ್ಲ. ಮೈಲೋಮಾದಲ್ಲಿಯೂ ಬೋರ್ಟೆಜೋಮಿಬ್, ಲೆನಾಲಿಡೊಮೈಡ್, ಡಾರಾಟುಮುಮ್ಯಾಬ್‌ಗಳು ಕ್ಯಾನ್ಸರ್ ಕೋಶಗಳನ್ನು ಅದ್ಭುತವಾಗಿ ಹತ್ತಿಕ್ಕಿದ ಮೇಲೂ ಮೂಳೆಯ ತೂತುಗಳು ಬಹುಮಟ್ಟಿಗೆ ಹಾಗೆಯೇ ಉಳಿದುಬಿಡುತ್ತವೆ. ಇನ್ನೊಂದು ಕಡೆಯಿಂದ ನೋಡಿದರೆ, ಶಸ್ತ್ರಚಿಕಿತ್ಸೆಯಿಂದ ಈ ಕ್ಯಾನ್ಸರ್ ವಾಸಿಯಾಗುವುದೂ ಇಲ್ಲ. ಇಡೀ ಅಸ್ಥಿಮಜ್ಜೆಯಲ್ಲಿ ಹರಡಿರುವ ಕಾಯಿಲೆಯನ್ನು ಕತ್ತರಿಸಿ ತೆಗೆಯಲು ಆಗದು. ಶಸ್ತ್ರಚಿಕಿತ್ಸಕರಿಗೆ ಉಳಿಯುವುದು ಎರಡೇ ಕೆಲಸ: ಬೀಳುತ್ತಿರುವ ಬೆನ್ನುಮೂಳೆಗೆ ಆಸರೆ ಕೊಡುವುದು, ಒತ್ತಿಹೋಗುತ್ತಿರುವ ಬೆನ್ನುಹುರಿಯನ್ನು ಬಿಡಿಸುವುದು.

ಬೆನ್ನುಹುರಿ ಒತ್ತಿದಾಗ: 2005ರ ಅಧ್ಯಯನ ಯಾರಿಗೆ ಅನ್ವಯ?

ಬೆನ್ನುಹುರಿಯ ಮೇಲೆ ಗಡ್ಡೆ ಒತ್ತಿದರೆ ತಕ್ಷಣ ಆಪರೇಷನ್ ಆಗಲೇಬೇಕು ಎಂಬ ನಂಬಿಕೆಗೆ ಬಲವಾದ ಆಧಾರವೊಂದಿದೆ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ಯಾಚೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಕ್ಯಾನ್ಸರ್ ಹರಡಿ ಬೆನ್ನುಹುರಿ ಒತ್ತಿಹೋಗಿದ್ದ 101 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ಮಾಡಿ ನಂತರ ವಿಕಿರಣ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ವಿಕಿರಣ ಮಾತ್ರವನ್ನೂ ಕೊಡಲಾಯಿತು. ಚಿಕಿತ್ಸೆಯ ನಂತರ ಮೊದಲ ಗುಂಪಿನ ಶೇ. 84ರಷ್ಟು ಜನ ನಡೆಯಬಲ್ಲವರಾಗಿದ್ದರು, ಎರಡನೆಯದರಲ್ಲಿ ಶೇ. 57. ನಡೆಯುವ ಶಕ್ತಿ ಉಳಿದ ಮಧ್ಯಮ ಅವಧಿ ಮೊದಲ ಗುಂಪಿನಲ್ಲಿ 122 ದಿನಗಳಾದರೆ ಎರಡನೆಯದರಲ್ಲಿ ಕೇವಲ 13. ಜಗತ್ತಿನಾದ್ಯಂತ ಚಿಕಿತ್ಸಾ ಪದ್ಧತಿಯನ್ನೇ ಬದಲಿಸಿದ ಫಲಿತಾಂಶವಿದು.

ಆದರೆ ಆ ಅಧ್ಯಯನಕ್ಕೆ ಮೈಲೋಮಾ, ಲಿಂಫೋಮಾ, ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡೇ ಇರಲಿಲ್ಲ ಎಂಬ ಸಂಗತಿ ಅದರ ಖ್ಯಾತಿಯಲ್ಲಿ ಮರೆಯಾಗಿಬಿಡುತ್ತದೆ. ಕೈಬಿಟ್ಟದ್ದಕ್ಕೆ ಕಾರಣ ಸ್ಪಷ್ಟ. ಶ್ವಾಸಕೋಶದ ಅಥವಾ ಮೂತ್ರಪಿಂಡದ ಕ್ಯಾನ್ಸರ್‌ಗೆ ಹೋಲಿಸಿದರೆ ಈ ಕ್ಯಾನ್ಸರ್‌ಗಳು ವಿಕಿರಣಕ್ಕೆ ಬೇಗ ಕರಗುತ್ತವೆ, ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್‌ಗೂ ಮಣಿಯುತ್ತವೆ. ಬೆನ್ನುಹುರಿಯನ್ನು ಒತ್ತುತ್ತಿರುವುದು ಗಡ್ಡೆಯ ಮೃದುವಾದ ಮಾಂಸಲ ಭಾಗವಾಗಿದ್ದರೆ, ಸ್ಟಿರಾಯ್ಡ್ ಮತ್ತು ವಿಕಿರಣದಿಂದಲೇ ಒತ್ತಡ ಇಳಿಯುವ ಸಾಧ್ಯತೆ ಹೆಚ್ಚು. ಅಂಥವರ ಬೆನ್ನನ್ನು ತೆರೆಯುವುದರಿಂದ ಗಾಯ ಒಣಗುವವರೆಗೆ ವಿಕಿರಣವನ್ನೂ ಔಷಧವನ್ನೂ ಎರಡರಿಂದ ನಾಲ್ಕು ವಾರ ಮುಂದೂಡಬೇಕಾಗುತ್ತದೆ. ಅಷ್ಟರಲ್ಲಿ ಮೂಲ ಕಾಯಿಲೆ ಬೆಳೆಯುತ್ತಲೇ ಇರುತ್ತದೆ. ಲಿಂಫೋಮಾದ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಮಕ್ಕಳಲ್ಲಿ ಬರುವ ಲ್ಯುಕೇಮಿಯಾದಿಂದ ಮಣಿಗಳು ಕುಸಿದಾಗಲಂತೂ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದು ಬಹಳ ಅಪರೂಪ.

ಒತ್ತುತ್ತಿರುವುದು ಗಡ್ಡೆಯಲ್ಲದೆ ಮುರಿದು ಹಿಂದಕ್ಕೆ ಸರಿದ ಮೂಳೆಯ ಚೂರಾಗಿದ್ದರೆ ಲೆಕ್ಕ ಬದಲಾಗುತ್ತದೆ. ಮೂಳೆಯ ಚೂರನ್ನು ಯಾವ ವಿಕಿರಣವೂ ಕರಗಿಸಲಾರದು. ಆಗ ಬೆನ್ನುಹುರಿಯ ಸುತ್ತಲಿನ ಜಾಗ ಬಿಡಿಸಿ, ಮೇಲಿನ ಮತ್ತು ಕೆಳಗಿನ ಗಟ್ಟಿ ಮಣಿಗಳಿಗೆ ಸ್ಕ್ರೂ, ರಾಡು ಹಾಕಿ ನಿಲ್ಲಿಸುವುದನ್ನು ಬಿಟ್ಟು ದಾರಿಯಿಲ್ಲ. ಚಿಕಿತ್ಸೆ ಕೊಡುತ್ತಿರುವಾಗಲೇ ಕಾಲಿನ ಬಲ ಗಂಟೆಗಂಟೆಗೆ ಕುಗ್ಗುತ್ತಿದ್ದರೂ ಹಾಗೆಯೇ. ಎಂಆರ್‌ಐ ವರದಿಯಲ್ಲಿ ಕಾಣುವ ‘ಕಾರ್ಡ್ ಕಂಪ್ರೆಷನ್’ (ಬೆನ್ನುಹುರಿ ಒತ್ತಿಹೋಗಿದೆ) ಎಂಬ ಒಂದೇ ಪದ ಇಬ್ಬರು ರೋಗಿಗಳಿಗೆ ಎರಡು ಬೇರೆ ಚಿಕಿತ್ಸೆಗಳನ್ನು ಸೂಚಿಸುವುದು ಹೀಗೆ.

ಬೆನ್ನುಮೂಳೆ ನಿಲ್ಲುತ್ತದೆಯೇ ಎಂಬ ಅಳತೆ

ನರಗಳಿಗೆ ತೊಂದರೆಯಿಲ್ಲದಿದ್ದರೂ ಬೆನ್ನುಮೂಳೆ ಭಾರ ಹೊರುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಇದನ್ನು ಅಳೆಯಲು 2010ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ‘ಸಿನ್ಸ್’ ಎಂಬ ಅಂಕಪದ್ಧತಿಯನ್ನು ರೂಪಿಸಿತು. ಹಾನಿಯಾದ ಮಣಿ ಯಾವ ಮಟ್ಟದಲ್ಲಿದೆ, ಎದ್ದು ಓಡಾಡಿದಾಗ ಹೆಚ್ಚಿ ಮಲಗಿದಾಗ ಇಳಿಯುವ ನೋವಿದೆಯೇ, ಮೂಳೆ ಕರಗಿದೆಯೇ, ಬೆನ್ನು ಬಾಗಿದೆಯೇ, ಮಣಿ ಎಷ್ಟು ಕುಸಿದಿದೆ, ಹಿಂಬದಿಯ ಕೀಲುಗಳಿಗೂ ಹಾನಿಯಾಗಿದೆಯೇ ಎಂಬುದಕ್ಕೆಲ್ಲ ಅಂಕ ಕೊಟ್ಟು ಕೂಡುತ್ತಾರೆ. ಒಟ್ಟು 18. ಆರರವರೆಗೆ ಸ್ಥಿರ, 7ರಿಂದ 12 ಅನುಮಾನಾಸ್ಪದ, 13 ಮತ್ತು ಮೇಲ್ಪಟ್ಟರೆ ಅಸ್ಥಿರ.

ಎದೆಯ ಭಾಗದ ಕೊನೆಯ ಮಣಿ, ಅಂದರೆ ಹನ್ನೆರಡನೆಯದು, ಅರ್ಧಕ್ಕಿಂತ ಹೆಚ್ಚು ಕುಸಿದಿದೆ ಎಂದಿಟ್ಟುಕೊಳ್ಳೋಣ. ಅದು ಎದೆಗೂ ಸೊಂಟಕ್ಕೂ ಸಂಧಿಯಾದ ಜಾಗವಾದ್ದರಿಂದ 3, ಓಡಾಡುವಾಗಿನ ನೋವಿಗೆ 3, ಕರಗಿದ ಮೂಳೆಗೆ 2, ಹೊಸದಾಗಿ ಮೂಡಿದ ಗೂನಿಗೆ 2, ಕುಸಿತಕ್ಕೆ 3. ಒಟ್ಟು 13 ಆಗಿ ‘ಅಸ್ಥಿರ’ ಎಂಬ ವರ್ಗಕ್ಕೆ ಬಂದುಬಿಡುತ್ತದೆ. ಮೈಲೋಮಾದಲ್ಲಿ ಇಂಥ ಚಿತ್ರ ಸಾಮಾನ್ಯ. ಅದಕ್ಕಾಗಿಯೇ ಇಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ಪಕ್ಷದವರು 13 ದಾಟಿದ ಬೆನ್ನನ್ನು ನಿಲ್ಲಿಸಲೇಬೇಕು, ಕಾಯುವುದೆಂದರೆ ಬೆನ್ನುಹುರಿಯನ್ನು ಪಣಕ್ಕಿಟ್ಟಂತೆ ಎನ್ನುತ್ತಾರೆ. ಈ ಅಂಕಪದ್ಧತಿ ಮುಖ್ಯವಾಗಿ ಹರಡಿದ ಗಡ್ಡೆ ಕ್ಯಾನ್ಸರ್‌ಗಳನ್ನು ಗಮನದಲ್ಲಿಟ್ಟು ರೂಪುಗೊಂಡದ್ದು, ಮೈಲೋಮಾದಲ್ಲಿ ಔಷಧಕ್ಕೆ ಕಾಯಿಲೆ ಬೇಗ ಹತೋಟಿಗೆ ಬರುವುದರಿಂದ ಕುಸಿದ ಮಣಿ ಇದ್ದಲ್ಲೇ ಕೂಡಿಕೊಳ್ಳಬಲ್ಲದು, ಆದುದರಿಂದ ಕೆಲವು ತಿಂಗಳು ಬೆನ್ನನ್ನು ಅಲುಗದಂತೆ ಹಿಡಿಯುವ ಗಟ್ಟಿ ಬ್ರೇಸ್ ತೊಡಿಸಿ ನಿಗಾ ಇಡುವುದೇ ಮೇಲು ಎಂಬುದು ಇನ್ನೊಂದು ಪಕ್ಷ. ಬ್ರಿಟನ್ನಿನ ಕೆಲವು ಕೇಂದ್ರಗಳು ಈ ಎರಡನೆಯ ದಾರಿಯಲ್ಲಿ ಸಾಕಷ್ಟು ಅನುಭವ ಗಳಿಸಿವೆ.

ನರಗಳು ಸುಸ್ಥಿತಿಯಲ್ಲಿದ್ದು, ರೋಗಿಯನ್ನು ಕ್ರಮವಾಗಿ ಮತ್ತೆ ಮತ್ತೆ ಪರೀಕ್ಷಿಸಲು ಸಾಧ್ಯವಿದ್ದರೆ ಎರಡನೆಯ ವಾದವೇ ಹೆಚ್ಚು ಸಮಂಜಸವೆಂದು ತೋರುತ್ತದೆ. ಆ ‘ಸಾಧ್ಯವಿದ್ದರೆ’ ಎಂಬ ಷರತ್ತು ಕೊಡಗಿನಲ್ಲಿ ಹಗುರವಾದದ್ದಲ್ಲ ಎಂಬುದನ್ನು ಮುಂದೆ ನೋಡೋಣ.

ಸಿಮೆಂಟ್ ತುಂಬುವ ಚಿಕಿತ್ಸೆ: ಒಪ್ಪಿಗೆಯೂ ಅನುಮಾನವೂ

ದೊಡ್ಡ ಶಸ್ತ್ರಚಿಕಿತ್ಸೆಗೂ ಬ್ರೇಸ್‌ಗೂ ನಡುವೆ, ಸೂಜಿಯ ಮೂಲಕ ಮಣಿಯೊಳಗೆ ಮೂಳೆ ಸಿಮೆಂಟ್ ತುಂಬುವ ವಿಧಾನವಿದೆ. ನೇರವಾಗಿ ತುಂಬಿದರೆ ವರ್ಟಿಬ್ರೊಪ್ಲಾಸ್ಟಿ, ಮೊದಲು ಪುಟ್ಟ ಬಲೂನನ್ನು ಉಬ್ಬಿಸಿ ಜಾಗ ಮಾಡಿಕೊಂಡು ತುಂಬಿದರೆ ಕೈಫೊಪ್ಲಾಸ್ಟಿ. 1980ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ಈ ವಿಧಾನಕ್ಕೆ ಕೆಲವು ಮಿಲಿಲೀಟರ್ ಸಿಮೆಂಟ್ ಸಾಕು. ಹೆಚ್ಚಿನವರು ಮರುದಿನವೇ ಎದ್ದು ನಡೆಯಬಹುದು, ಔಷಧವನ್ನು ವಾರಗಟ್ಟಲೆ ನಿಲ್ಲಿಸಬೇಕಾಗಿಯೂ ಇಲ್ಲ.

2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಈ ಉತ್ಸಾಹಕ್ಕೆ ತಣ್ಣೀರೆರಚಿದವು. 131 ಮತ್ತು 78 ಮಂದಿಯ ಮೇಲೆ ನಡೆದ ಆ ಅಧ್ಯಯನಗಳಲ್ಲಿ, ನಿಜವಾಗಿ ಸಿಮೆಂಟ್ ತುಂಬಿಸಿಕೊಂಡವರಿಗೂ ಸಿಮೆಂಟಿಲ್ಲದ ತೋರಿಕೆಯ ಚಿಕಿತ್ಸೆ ಪಡೆದವರಿಗೂ ನೋವು ಇಳಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ‘ಸಿಮೆಂಟ್ ಚಿಕಿತ್ಸೆ ದಂಡ’ ಎಂದು ಇಂದಿಗೂ ಕೇಳಿಬರುವ ಮಾತಿನ ಮೂಲ ಇದು. ಅಲ್ಲಿದ್ದವರು ವಯಸ್ಸಿನಿಂದ ಮೂಳೆ ಸವೆದವರು. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆಗೆ ತಾನಾಗಿ ಕೂಡಿಕೊಳ್ಳುವ ಶಕ್ತಿ ಉಳಿದಿರುತ್ತದೆ, ಮೈಲೋಮಾ ಆ ಶಕ್ತಿಯನ್ನೇ ಅಡಗಿಸಿರುತ್ತದೆ. ಆದ್ದರಿಂದ ಅಲ್ಲಿನ ತೀರ್ಮಾನವನ್ನು ಇಲ್ಲಿಗೆ ಎತ್ತಿ ತರಲಾಗದು.

ಕ್ಯಾನ್ಸರ್ ರೋಗಿಗಳನ್ನೇ ಆರಿಸಿಕೊಂಡು 2011ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾದ ‘ಕೆಫೆ’ ಎಂಬ ಅಧ್ಯಯನದಲ್ಲಿ 134 ಮಂದಿಯಿದ್ದರು, ಅವರಲ್ಲಿ ಮೈಲೋಮಾ ಇದ್ದವರು ಅನೇಕರು. ಬೆನ್ನುನೋವಿನಿಂದ ದಿನನಿತ್ಯದ ಬದುಕು ಎಷ್ಟು ಕುಂಠಿತವಾಗಿದೆ ಎಂದು ಅಳೆಯುವ 24 ಅಂಕಗಳ ಮಾಪನದಲ್ಲಿ, ಕೈಫೊಪ್ಲಾಸ್ಟಿ ಮಾಡಿಸಿಕೊಂಡವರ ಸರಾಸರಿ ಒಂದು ತಿಂಗಳಲ್ಲಿ 17.6ರಿಂದ 9.1ಕ್ಕೆ ಇಳಿಯಿತು. ಉಳಿದವರದು 18.2ರಿಂದ 18.0ಕ್ಕೆ, ಅಂದರೆ ಇದ್ದಲ್ಲೇ. ಉಪಕರಣ ತಯಾರಿಸುವ ಕಂಪನಿಯೇ ಈ ಅಧ್ಯಯನಕ್ಕೆ ಹಣ ಒದಗಿಸಿತ್ತು, ತೋರಿಕೆಯ ಚಿಕಿತ್ಸೆಯ ಗುಂಪು ಇರಲಿಲ್ಲ ಎಂಬ ಆಕ್ಷೇಪಗಳು ನ್ಯಾಯವಾದವೇ. ಅವನ್ನು ಒಪ್ಪಿಕೊಂಡ ಮೇಲೂ ಅಷ್ಟು ದೊಡ್ಡ ವ್ಯತ್ಯಾಸವನ್ನು ತಳ್ಳಿಹಾಕುವುದು ಕಷ್ಟ. ಮಲಗಿದಲ್ಲೇ ಇರುವ ಮೈಲೋಮಾ ರೋಗಿಗೆ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮತ್ತಷ್ಟು ಮೂಳೆ ಸವೆತ ಒಂದರ ಹಿಂದೊಂದು ಬರುವುದರಿಂದ, ಅವರನ್ನು ಬೇಗ ಎಬ್ಬಿಸಿ ನಡೆಸುವುದೇ ದೊಡ್ಡ ಚಿಕಿತ್ಸೆ. ಮಣಿಯ ಹಿಂಗೋಡೆ ಒಡೆದಿದ್ದರೆ ಸಿಮೆಂಟ್ ಬೆನ್ನುಹುರಿಯ ಕಡೆಗೆ ಸೋರುವ ಅಪಾಯವಿದೆ, ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವೂ ಉಂಟು. ಬಲೂನು ವಿಧಾನದಲ್ಲಿ ಸೋರಿಕೆ ಕಡಿಮೆ, ಖರ್ಚು ಹೆಚ್ಚು.

ಆಪರೇಷನ್‌ಗೆ ಮುಂಚೆ ತಿಳಿದಿರಬೇಕಾದ್ದು

ಗುರುತಿಸುವಲ್ಲಿ ಆಗುವ ತಪ್ಪು ನಮ್ಮ ದೇಶದಲ್ಲಿ ಎರಡು ಕಡೆಯಿಂದ ಕಾಡುತ್ತದೆ. ಒಂದು, ಕ್ಷಯರೋಗ. ಬೆನ್ನುಮೂಳೆಯ ಟಿಬಿ ಇಲ್ಲಿ ಇಂದಿಗೂ ಸಾಮಾನ್ಯವಾದ್ದರಿಂದ, ಕುಸಿದ ಮಣಿ ಕಂಡೊಡನೆ ಬಯಾಪ್ಸಿ (ತುಣುಕು ತೆಗೆದು ನೋಡುವ ಪರೀಕ್ಷೆ) ಇಲ್ಲದೆ ಟಿಬಿ ಮಾತ್ರೆ ಆರಂಭಿಸಿ ತಿಂಗಳುಗಳನ್ನು ಕಳೆದುಕೊಳ್ಳುವ ಅಪಾಯವಿದೆ. ಟಿಬಿ ಸಾಮಾನ್ಯವಾಗಿ ಎರಡು ಮಣಿಗಳ ನಡುವಿನ ಡಿಸ್ಕನ್ನೂ ಹಾಳುಮಾಡುತ್ತದೆ, ಮೈಲೋಮಾ ಅದನ್ನು ಉಳಿಸಿರುತ್ತದೆ. ಇದು ಸುಳಿವು ಮಾತ್ರ, ಖಚಿತಪಡಿಸುವುದು ಬಯಾಪ್ಸಿ. ಇನ್ನೊಂದು, ಸ್ಟಿರಾಯ್ಡ್. ಲಿಂಫೋಮಾದ ಅನುಮಾನವಿದ್ದು ನರಗಳು ಚೆನ್ನಾಗಿರುವಾಗ ಬಯಾಪ್ಸಿಗೆ ಮುಂಚೆಯೇ ಸ್ಟಿರಾಯ್ಡ್ ಕೊಟ್ಟರೆ, ಗಡ್ಡೆ ಕುಗ್ಗಿ, ತೆಗೆದ ತುಣುಕಿನಲ್ಲಿ ಕಾಯಿಲೆಯ ಗುರುತೇ ಸಿಗದೆ ಹೋಗಬಹುದು. ಕಾಲಿನ ಶಕ್ತಿ ಕುಂದುತ್ತಿರುವಾಗ ಮಾತ್ರ ಈ ಎಚ್ಚರಿಕೆಯನ್ನು ಬದಿಗಿಟ್ಟು ಸ್ಟಿರಾಯ್ಡ್ ಕೊಡಲೇಬೇಕು.

ಕೆಲವೊಮ್ಮೆ ಕಾಯಿಲೆ ಒಂದೇ ಮಣಿಗೆ ಸೀಮಿತವಾಗಿರುತ್ತದೆ. ಇದಕ್ಕೆ ಪ್ಲಾಸ್ಮಾಸೈಟೋಮಾ ಎಂದು ಹೆಸರು. ಅಲ್ಲಿ 40ರಿಂದ 50 ಗ್ರೇ (ವಿಕಿರಣದ ಪ್ರಮಾಣದ ಅಳತೆ) ವಿಕಿರಣವೇ ಗುಣಪಡಿಸುವ ಉದ್ದೇಶದ ಚಿಕಿತ್ಸೆ, ಇಡೀ ಮಣಿಯನ್ನು ಕತ್ತರಿಸಿ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಹೀಗೆ ಚಿಕಿತ್ಸೆ ಪಡೆದವರಲ್ಲೂ ಹಲವರಿಗೆ ಮುಂದಿನ ವರ್ಷಗಳಲ್ಲಿ ಮೈಲೋಮಾ ಬರುವುದರಿಂದ ರಕ್ತಪರೀಕ್ಷೆಯನ್ನು ನಿಲ್ಲಿಸುವಂತಿಲ್ಲ.

ಆಪರೇಷನ್ ನಿಶ್ಚಯವಾದರೆ ರೋಗಿಯ ರಕ್ತವೂ ಅದಕ್ಕೆ ಸಿದ್ಧವಾಗಿರಬೇಕು. ಏರಿದ ಕ್ಯಾಲ್ಸಿಯಂ ಇಳಿಯಬೇಕು, ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ನೋಡಬೇಕು, ಮೂತ್ರಪಿಂಡದ ಸ್ಥಿತಿ ತಿಳಿದಿರಬೇಕು. ಲೆನಾಲಿಡೊಮೈಡ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಈಗ ತೆರಿಗೆ ಇಳಿದಿರುವ ಡಾರಾಟುಮುಮ್ಯಾಬ್‌ನದು ಇನ್ನೊಂದು ತೊಡಕು: ಅದು ಕೆಂಪು ರಕ್ತಕಣಗಳಿಗೂ ಅಂಟಿಕೊಳ್ಳುವುದರಿಂದ ರಕ್ತನಿಧಿಯ ಹೊಂದಾಣಿಕೆ ಪರೀಕ್ಷೆ ದಾರಿತಪ್ಪುತ್ತದೆ, ಸರಿಯಾದ ರಕ್ತ ಹುಡುಕುವುದು ತಡವಾಗುತ್ತದೆ. ಆ ಔಷಧವನ್ನು ಆರಂಭಿಸುವ ಮೊದಲೇ ರೋಗಿಯ ರಕ್ತವನ್ನು ವಿವರವಾಗಿ ಪರೀಕ್ಷಿಸಿಟ್ಟರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಕೊಡಗಿನಲ್ಲಿ ಸಮಯದ ಲೆಕ್ಕ

ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಅದರ ಬೆನ್ನಿಗೇ ಏಣಿ ಹತ್ತಿ ಮೆಣಸು ಕೊಯ್ಲು, ಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು). ತೋಟದ ಕೆಲಸದಲ್ಲಿ ಬೆನ್ನುನೋವಿಲ್ಲದವರು ಕಡಿಮೆ. ಹಾಗಾಗಿ ಮೈಲೋಮಾದ ಬೆನ್ನುನೋವೂ ದುಡಿಮೆಯ ನೋವಿನ ಜೊತೆ ಬೆರೆತು ಗುರುತು ಸಿಗದೆ ಉಳಿಯುತ್ತದೆ. ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಈ ಕಾಯಿಲೆ ಸುಮಾರು ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳುವುದರಿಂದ ರೋಗಿ ಇನ್ನೂ ದುಡಿಯುವ ವಯಸ್ಸಿನಲ್ಲಿರಬಹುದು. ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಮೊದಲೇ ಸೋತಿರುವ ಮೂತ್ರಪಿಂಡವನ್ನು ಪೂರ್ತಿಯಾಗಿ ಕೆಡಿಸಬಲ್ಲದು. ವಾರಗಳಾದರೂ ಇಳಿಯದ, ರಾತ್ರಿ ನಿದ್ದೆಗೆಡಿಸುವ ಬೆನ್ನುನೋವಿನ ಜೊತೆ ಸುಸ್ತು, ರಕ್ತಹೀನತೆ, ಏರಿದ ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಅಥವಾ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಶ) ಇದ್ದರೆ, ಮೈಲೋಮಾದ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಸೀರಮ್ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಮತ್ತು ಫ್ರೀ ಲೈಟ್ ಚೈನ್ ಪರೀಕ್ಷೆಗಳನ್ನು ಮಾಡಿಸಬೇಕು. ಮಾಮೂಲಿ ಮೂತ್ರಪರೀಕ್ಷೆಯ ಪಟ್ಟಿ ಮುಖ್ಯವಾಗಿ ಅಲ್ಬುಮಿನ್ ಹಿಡಿಯುತ್ತದೆಯಾದ್ದರಿಂದ ಮೈಲೋಮಾದ ಪ್ರೋಟೀನ್ ಅದರ ಕಣ್ಣು ತಪ್ಪಿಸುತ್ತದೆ.

ಬೆನ್ನುಹುರಿ ಒತ್ತಿಹೋದ ಲಕ್ಷಣಗಳು, ಅಂದರೆ ಕಾಲು ಸೋಲುವುದು, ಸೊಂಟದ ಕೆಳಗೆ ಜೋಮು, ಮೂತ್ರ ಕಟ್ಟುವುದು ಕಂಡರೆ 24 ಗಂಟೆಯೊಳಗೆ ಇಡೀ ಬೆನ್ನಿನ ಎಂಆರ್‌ಐ ಆಗಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಚಿಕಿತ್ಸೆ ಆರಂಭವಾಗುವಾಗ ನಡೆಯುತ್ತಿರುವವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು, ಕಾಲಿನ ಶಕ್ತಿ ಪೂರ್ತಿ ಹೋಗಿ ಎರಡು ದಿನ ಕಳೆದವರಲ್ಲಿ ಅದು ಮರಳುವುದು ಅಪರೂಪ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು, 2018ರ ಆಗಸ್ಟ್‌ನ ಭೂಕುಸಿತದಲ್ಲಿ ಆ ದಾರಿ ವಾರಗಟ್ಟಲೆ ಕಡಿದುಹೋಗಿತ್ತು. ನಾಪೋಕ್ಲು ಅಥವಾ ಶನಿವಾರಸಂತೆಯ ಒಳಗಿನ ತೋಟದಿಂದ ಹೊರಡುವವರಿಗೆ ಮಡಿಕೇರಿಯನ್ನೋ ಕುಶಾಲನಗರವನ್ನೋ ತಲುಪುವುದೇ ಮೊದಲ ಪ್ರಯಾಣ. ಬ್ರೇಸ್ ತೊಡಿಸಿ ಕಾಯುವ ದಾರಿಗೆ ಮೇಲೆ ಹೇಳಿದ ಷರತ್ತು ತೂಕ ಪಡೆಯುವುದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಒಬ್ಬರೇ ಇರುವ, ರಸ್ತೆ ಕೆಟ್ಟರೆ ಹೊರಬರಲಾಗದ ರೋಗಿಗೆ ಸ್ವಲ್ಪ ಬೇಗನೆ ಸಿಮೆಂಟ್ ಅಥವಾ ಸ್ಕ್ರೂ ಹಾಕಲು ತಜ್ಞರು ನಿರ್ಧರಿಸಿದರೆ ಅದನ್ನು ಅನಗತ್ಯ ಶಸ್ತ್ರಚಿಕಿತ್ಸೆ ಎನ್ನಲಾಗದು. ಊರಿನ ಭೂಗೋಳವೂ ವೈದ್ಯಕೀಯ ತೀರ್ಮಾನದ ಒಂದು ಅಂಶವೇ. ಸಾಗಿಸುವಾಗ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ತಿರುಗಿಸುವುದಾದರೆ ತಲೆಯಿಂದ ಸೊಂಟದವರೆಗೆ ಒಟ್ಟಾಗಿ ಹೊರಳಿಸಬೇಕು. ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ ಘಾಟಿ ಇಳಿಸುವುದು ಕುಸಿದ ಮಣಿಯನ್ನು ಇನ್ನಷ್ಟು ಕುಸಿಯಿಸುತ್ತದೆ.

ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಕೆಲವೇ ಎಕರೆ ಕಾಫಿ ಇರುವ ಬೆಳೆಗಾರರಲ್ಲಿ ಅನೇಕರು ಈ ಎರಡನೆಯ ಗುಂಪಿಗೆ ಸೇರುವುದರಿಂದ ಅವರಿಗೆ ಬೀಳುವ ಹೊರೆ ದೊಡ್ಡದು. ನಿವೃತ್ತ ಸೈನಿಕರ ಕುಟುಂಬಗಳಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯ ಆಸರೆಯಿದೆ.

ಡೇ ಕೇರ್ ಬಂದರೆ ಏನು ಬದಲಾಗುತ್ತದೆ

ಔಷಧ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುವಂತಾದರೆ ರೋಗಿಗಳು ವಾರವಾರ ಬೆಂಗಳೂರಿನ ಕಿದ್ವಾಯಿಗೆ ಅಲೆಯುವುದು ತಪ್ಪುತ್ತದೆ. ಮೂಳೆ ಕರಗುವುದನ್ನು ತಡೆಯುವ ಜೊಲೆಡ್ರೊನಿಕ್ ಆಸಿಡ್ ಕೂಡ ಅಲ್ಲಿಯೇ ಕೊಡಬಹುದಾದ ಇಂಜೆಕ್ಷನ್. ಅದಕ್ಕೆ ಮುಂಚೆ ದಂತವೈದ್ಯರಿಂದ ಹುಳುಕು ಹಲ್ಲುಗಳನ್ನು ಸರಿಪಡಿಸಿಕೊಳ್ಳದಿದ್ದರೆ ದವಡೆಯ ಮೂಳೆ ಸಾಯುವ ತೊಂದರೆ ಬರಬಹುದು, ಮೂತ್ರಪಿಂಡದ ಸ್ಥಿತಿ ನೋಡಿ ಪ್ರಮಾಣ ಇಳಿಸಬೇಕಾಗುತ್ತದೆ. ಸ್ಕ್ರೂ, ರಾಡು ಹಾಕಿಸಿಕೊಂಡವರಿಗೂ ಈ ಇಂಜೆಕ್ಷನ್ ಬೇಕು, ಏಕೆಂದರೆ ಸುತ್ತಲಿನ ಮೂಳೆ ಸವೆದರೆ ಸ್ಕ್ರೂ ಸಡಿಲವಾಗುತ್ತದೆ.

ಇದರ ಇನ್ನೊಂದು ಪರಿಣಾಮವೆಂದರೆ, ಬೆನ್ನುಹುರಿಯ ತೊಂದರೆಯ ಮೊದಲ ಲಕ್ಷಣವನ್ನು ಇನ್ನು ಮುಂದೆ ಕೇಳಿಸಿಕೊಳ್ಳುವವರು ದೊಡ್ಡ ಆಸ್ಪತ್ರೆಯ ತಜ್ಞರಾಗಿರದೆ ಡೇ ಕೇರ್‌ನ ನರ್ಸ್ ಆಗಿರುತ್ತಾರೆ. ಪ್ರತಿ ಭೇಟಿಯಲ್ಲೂ ಡ್ರಿಪ್ ಹಾಕುವ ಮುಂಚೆ ರೋಗಿಯನ್ನು ಹತ್ತು ಹೆಜ್ಜೆ ನಡೆಸಿ ನೋಡಿ, ಮೂತ್ರದ ಬಗ್ಗೆ ಕೇಳುವ ಪದ್ಧತಿ ಅಲ್ಲಿ ಮೊದಲ ದಿನದಿಂದ ಇರಬೇಕು. ಅನುಮಾನ ಬಂದ ದಿನವೇ ಮೈಸೂರಿಗೋ ಮಂಗಳೂರಿಗೋ ಕಳುಹಿಸುವಾಗ ರೋಗಿಯ ಕೈಯಲ್ಲಿರುವ ಪತ್ರ, ಕಾಲಿನ ಶಕ್ತಿ ಯಾವಾಗಿನಿಂದ ಕುಂದಿದೆ, ಸ್ಟಿರಾಯ್ಡ್ ಯಾವ ಗಂಟೆಗೆ ಕೊಟ್ಟದ್ದು, ಕೊನೆಯ ಕೀಮೋ ಯಾವ ದಿನ ಆದದ್ದು, ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಎಷ್ಟಿವೆ, ಬೆನ್ನಿಗೆ ಮುಂಚೆ ಎಷ್ಟು ವಿಕಿರಣ ಕೊಡಲಾಗಿದೆ, ಡಾರಾಟುಮುಮ್ಯಾಬ್‌ಗೆ ಮುಂಚಿನ ರಕ್ತಪರೀಕ್ಷೆಯ ವಿವರ ಎಲ್ಲಿದೆ ಎಂಬಷ್ಟನ್ನು ಹೇಳಿದರೆ, ಅಲ್ಲಿನ ಶಸ್ತ್ರಚಿಕಿತ್ಸಕರು ರೋಗಿ ತಲುಪಿದ ಕೂಡಲೇ ತೀರ್ಮಾನ ತೆಗೆದುಕೊಳ್ಳಬಲ್ಲರು.